ಬೆಣ್ಣೆ, ಮಾರ್ಗರಿನ್, ಸ್ಪ್ರೆಡ್: ಯಾವ ಡಬ್ಬಿ ಯಾವ ಕೆಲಸಕ್ಕೆ?

ಹೋದ ವರ್ಷ ಯುಗಾದಿ ಮುಂದೆ ನಾನೊಂದು ಪೆದ್ದ ಕೆಲಸ ಮಾಡಿದೆ. ವಿಜಯಪುರದ ನಮ್ಮ ಮನೆಯಲ್ಲಿ ಹಬ್ಬಕ್ಕೆ ಹೋಳಿಗೆ. ಹೋಳಿಗೆ ಅಂದ ಮೇಲೆ ತುಪ್ಪ ಬೇಕೇ ಬೇಕು. "ಬೆಣ್ಣಿ ತಂದ್ರ ಮನ್ಯಾಗ ಕಾಸ್ತೀನಿ" ಅಂದರು ವೈನಿ, ಅಂದರೆ ನಮ್ಮ ಅತ್ತಿಗೆ. ಅಂಗಡಿಯಲ್ಲಿ ಅರ್ಧ ಕೆಜಿಯ ಡಬ್ಬಿಯೊಂದು ಆಫರಿನಲ್ಲಿತ್ತು. ಹಳದಿ ಬಣ್ಣ, ಮುಚ್ಚಳದ ಮೇಲೆ ಬ್ರೆಡ್ಡಿನ ಚಿತ್ರ, ಬ್ರೆಡ್ಡಿನ ಮೇಲೆ ಬೆಣ್ಣೆಯಂಥದ್ದೇ ಏನೋ. ಪಕ್ಕದ ಬೆಣ್ಣೆಗಿಂತ ಅಗ್ಗ. ಓದದೆ ತಂದೆ.

ವೈನಿ ಅದನ್ನು ಪಾತೇಲಿಗೆ ಹಾಕಿ ಸಣ್ಣ ಉರಿಯಲ್ಲಿಟ್ಟರು. ಬೆಣ್ಣೆ ಕಾಯಿಸುವುದನ್ನು ನೋಡಿದವರಿಗೆ ಅದರ ಸದ್ದು ಗೊತ್ತು. ಮೊದಲು ಚಟಪಟ, ಆಮೇಲೆ ನೊರೆ, ಆಮೇಲೆ ಸದ್ದು ತಾನಾಗಿ ಇಳಿಯುತ್ತದೆ. ತಳದಲ್ಲಿ ಗಸಿ ಕಂದಾಗುತ್ತದೆ, ಓಣಿಗೆಲ್ಲ ವಾಸನೆ ಹರಡುತ್ತದೆ. ಈ ಡಬ್ಬಿಯ ಮಾಲು ಹಾಗೆ ಮಾಡಲಿಲ್ಲ. ಬಿಳಿ ನೊರೆ ಎದ್ದದ್ದು ಎದ್ದೇ ಇತ್ತು. ಚಟಪಟ ನಿಲ್ಲಲೇ ಇಲ್ಲ, ಒಲೆಯ ಕಟ್ಟೆ ಪೂರ್ತಿ ಹನಿ ಹನಿ. ಅರ್ಧ ತಾಸಿನ ಮೇಲೆ ಉಳಿದದ್ದು ಒಂದು ಬಟ್ಟಲು ಹಳದಿ ಎಣ್ಣೆ. ವಾಸನೆ ಇಲ್ಲ, ಆರಿದರೂ ತುಪ್ಪದ ಹಾಗೆ ಹರಳುಗಟ್ಟಲಿಲ್ಲ.

"ಏನೋ ತಮ್ಮಾ, ಬೆಣ್ಣಿ ತಂದಿಯೋ ನೀರು ತಂದಿಯೋ?" ಅಂದರು ವೈನಿ.

ಆಗ ಡಬ್ಬಿ ತಿರುಗಿಸಿ ಓದಿದೆ. ಸಣ್ಣ ಅಕ್ಷರದಲ್ಲಿ 'ಫ್ಯಾಟ್ ಸ್ಪ್ರೆಡ್' ಅಂತ ಇತ್ತು. ಕೊಬ್ಬು 40%. ಅಂದರೆ ಅರ್ಧ ಕೆಜಿಯಲ್ಲಿ ಕೊಬ್ಬು ಇದ್ದದ್ದೇ 200 ಗ್ರಾಂ. ಮಿಕ್ಕಿದ್ದರಲ್ಲಿ ಬಹುಪಾಲು ನೀರು. ಡಬ್ಬಿ ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ ಅಷ್ಟೇ. ಅವತ್ತು ಹೋಳಿಗೆಗೆ ಬಾಜು ಮನೆಯಿಂದ ತುಪ್ಪ ಬಂತು. ನಾನು ಮಾತ್ರ ಆಮೇಲೆ ಅಂಗಡಿಗೆ ಹೋದಾಗಲೆಲ್ಲ ಡಬ್ಬಿಗಳನ್ನು ತಿರುಗಿಸಿ ಓದುವ ಚಟಕ್ಕೆ ಬಿದ್ದೆ. ಆ ಚಟದಿಂದ ಗೊತ್ತಾದದ್ದು ಇಲ್ಲಿದೆ.

ಡಬ್ಬಿಯ ಹೆಸರು ನೋಡಬೇಡಿ, ಜಾತಿ ನೋಡಿ

ಬ್ರ್ಯಾಂಡಿನ ದೊಡ್ಡ ಹೆಸರಿನ ಕೆಳಗೆ, ಎಲ್ಲೋ ಒಂದು ಮೂಲೆಯಲ್ಲಿ, ಒಳಗಿರುವುದು ಏನು ಅಂತ ಕಾನೂನು ಪ್ರಕಾರ ಬರೆದಿರಲೇಬೇಕು. ಅದೊಂದು ಸಾಲು ಓದಿದರೆ ಅರ್ಧ ಕೆಲಸ ಆಯಿತು.

'ಟೇಬಲ್ ಬಟರ್' ಅಂತ ಇದ್ದರೆ ಅದು ಹಾಲಿನ ಬೆಣ್ಣೆ. ಹಾಲಿನ ಕೊಬ್ಬು ಕಡಿಮೆ ಅಂದರೂ 80% ಇರಬೇಕು, ನೀರು 16% ದಾಟಬಾರದು, ಉಪ್ಪು 3% ದಾಟಬಾರದು. ಇದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಅಳತೆ. 'ವೈಟ್ ಬಟರ್' ಅಥವಾ 'ಕುಕಿಂಗ್ ಬಟರ್' ಅಂದರೆ ಉಪ್ಪಿಲ್ಲದ ಬಿಳಿ ಬೆಣ್ಣೆ. ಅದರಲ್ಲಿ ಕೊಬ್ಬು ಕನಿಷ್ಠ 76%. ತುಪ್ಪ ಕಾಯಿಸುವವರು ಕೇಳಬೇಕಾದ್ದು ಇದನ್ನೇ. ಟೇಬಲ್ ಬಟರ್ ಕಾಯಿಸಿದರೂ ತುಪ್ಪ ಬರುತ್ತದೆ, ಆದರೆ ಉಪ್ಪು ಗಸಿಯಲ್ಲಿ ಕೂತು ಆ ಗಸಿ ಬಾಯಿಗೆ ಇಡಲಾಗದಷ್ಟು ಉಪ್ಪಾಗುತ್ತದೆ. ಗಸಿಗೆ ಬೆಲ್ಲ ಕಲಸಿ ತಿನ್ನುವ ಮಕ್ಕಳಿರುವ ಮನೆಯಲ್ಲಿ ಅದು ಸಣ್ಣ ನಷ್ಟವಲ್ಲ.

'ಮಾರ್ಗರಿನ್' ಅಂದರೆ ಬೆಣ್ಣೆಯಷ್ಟೇ ಕೊಬ್ಬು, ಆದರೆ ಗಿಡದ ಎಣ್ಣೆಯದು. ಇಲ್ಲೂ ಕೊಬ್ಬು 80% ಇರಲೇಬೇಕು. ಹಾಗಾಗಿ ಮಾರ್ಗರಿನ್ ತಿಂದರೆ ಕೊಬ್ಬು ಕಡಿಮೆ ಅನ್ನುವುದು ತಪ್ಪು ಲೆಕ್ಕ.

'ಫ್ಯಾಟ್ ಸ್ಪ್ರೆಡ್' ಅಂದರೆ ಕೊಬ್ಬು 40ರಿಂದ 80% ತನಕ ಎಷ್ಟಾದರೂ ಇರಬಹುದು. ನೀರು 16ರಿಂದ 56% ತನಕ. ಇದರಲ್ಲಿ ಮೂರು ಬಗೆ: ಪೂರ್ತಿ ಹಾಲಿನ ಕೊಬ್ಬಿನದು, ಹಾಲಿನ ಕೊಬ್ಬಿಗೆ ಗಿಡದ ಎಣ್ಣೆ ಬೆರೆಸಿದ್ದು, ಪೂರ್ತಿ ಗಿಡದ ಎಣ್ಣೆಯದು. ಬರೀ 'ಲೈಟ್' ಅಂತ ದೊಡ್ಡದಾಗಿ ಬರೆದ ಡಬ್ಬಿಗಳು ಸಾಮಾನ್ಯವಾಗಿ ಈ ಗುಂಪಿನವು. ಎಣ್ಣೆ ಮತ್ತು ಅಷ್ಟೊಂದು ನೀರು ಬೇರೆಯಾಗದೆ ಒಟ್ಟಿಗಿರಬೇಕಲ್ಲ, ಅದಕ್ಕೆ ಎಮಲ್ಸಿಫೈಯರ್ ಹಾಕುತ್ತಾರೆ. ವೈನಿಯ ಪಾತೇಲಿಯಲ್ಲಿ ನೊರೆ ಇಳಿಯದೆ ಇದ್ದದ್ದಕ್ಕೆ ಅದೇ ಕಾರಣ ಇರಬೇಕು.

ಇನ್ನು ತುಪ್ಪ: 99.5% ಹಾಲಿನ ಕೊಬ್ಬು. ಅದರ ಪಕ್ಕದಲ್ಲೇ ತುಪ್ಪದ ಹಾಗೆ ಕಾಣುವ ವನಸ್ಪತಿ, ಅಂದರೆ ಗಟ್ಟಿ ಮಾಡಿದ ಗಿಡದ ಎಣ್ಣೆ. ನಮ್ಮ ಕಡೆ ಯಾವ ಕಂಪನಿಯದಾದರೂ 'ಡಾಲ್ಡಾ'.

ಬಣ್ಣ ನೋಡಿ ಮಾತ್ರ ಯಾವುದನ್ನೂ ನಂಬಬೇಡಿ. ಎಮ್ಮೆ ಹಾಲಿನ ಬೆಣ್ಣೆ ಬೆಳ್ಳಗಿರುತ್ತದೆ, ಯಾಕೆಂದರೆ ಮೇವಿನ ಕ್ಯಾರೊಟಿನ್ ಅನ್ನು ಎಮ್ಮೆಯ ಮೈ ವಿಟಮಿನ್ ಎ ಮಾಡಿಬಿಡುತ್ತದೆ. ಆಕಳಿನ ಹಾಲಿನಲ್ಲಿ ಆ ಕ್ಯಾರೊಟಿನ್ ಅಷ್ಟಿಷ್ಟು ಉಳಿಯುತ್ತದೆ, ಬೆಣ್ಣೆ ಹಳದಿ ಆಗುತ್ತದೆ. ಪ್ಯಾಕೆಟ್ಟಿನ ಹಳದಿ ಬಹಳ ಸಲ ಅನಾಟೊ ಅನ್ನುವ ಬೀಜದ ಬಣ್ಣ. ಲೇಬಲ್ಲಿನಲ್ಲಿ 160ಬಿ ಅಂತ ಇರುತ್ತದೆ. ಎಮ್ಮೆಗಳೇ ಜಾಸ್ತಿ ಇರುವ ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಬಿಳಿ ಬೆಣ್ಣೆಯೇ ಬೆಣ್ಣೆ. ನಮ್ಮ ಆಯಿ (ಅಜ್ಜಿ) ಮೊದಲ ಸಲ ಹಳದಿ ಬೆಣ್ಣೆ ಕಂಡಾಗ "ಇದಕ್ಕ ಅರಿಷಿಣ ಯಾಕ ಹಚ್ಚ್ಯಾರ?" ಅಂತ ಕೇಳಿದ್ದಳಂತೆ.

ಜಗತ್ತು ಬೆಣ್ಣೆ ಬಿಟ್ಟು ಮತ್ತೆ ಬೆಣ್ಣೆಗೆ ಬಂದ ಕಥೆ

ಈ ಕಥೆ ಗೊತ್ತಿದ್ದರೆ ಡಬ್ಬಿಯ ಮೇಲಿನ ಜಾಹೀರಾತು ಎಲ್ಲಿಂದ ಮಾತಾಡುತ್ತಿದೆ ಅಂತ ತಿಳಿಯುತ್ತದೆ. ಅದಕ್ಕೇ ಸ್ವಲ್ಪ ಹಿಂದಕ್ಕೆ ಹೋಗೋಣ.

1869ರಲ್ಲಿ ಫ್ರಾನ್ಸಿನ ಮೆಜ್ ಮೂರಿಯೆ ಎಂಬ ರಸಾಯನಶಾಸ್ತ್ರಜ್ಞ ದನದ ಕೊಬ್ಬಿನಿಂದ ಬೆಣ್ಣೆಯಂಥ ವಸ್ತು ಮಾಡಿದ. ಸೈನಿಕರಿಗೂ ಬಡವರಿಗೂ ಅಗ್ಗದ ಬೆಣ್ಣೆ ಬೇಕು ಅಂತ ಮೂರನೇ ನೆಪೋಲಿಯನ್ ಬಹುಮಾನ ಇಟ್ಟಿದ್ದ. ಅದೇ ಮಾರ್ಗರಿನ್. ಹೆಸರು ಬಂದದ್ದು ಮುತ್ತು ಅನ್ನುವ ಗ್ರೀಕ್ ಪದದಿಂದ. ಆಮೇಲೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ದ್ರವ ಎಣ್ಣೆಯನ್ನು ಜಲಜನಕ ಹಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡ. ಅಲ್ಲಿಗೆ ದನದ ಕೊಬ್ಬು ಬೇಡವಾಯಿತು, ಯಾವ ಎಣ್ಣೆಯನ್ನಾದರೂ ಬೆಣ್ಣೆಯಷ್ಟು ಗಟ್ಟಿ ಮಾಡಬಹುದಾಯಿತು.

ಬೆಣ್ಣೆ ಮಾಡುವ ರೈತರು ಸುಮ್ನೆ ಕೂರಲಿಲ್ಲ. ಅಮೆರಿಕದಲ್ಲಿ ಮಾರ್ಗರಿನ್‌ಗೆ ಹಳದಿ ಬಣ್ಣ ಹಾಕಿ ಮಾರಬಾರದು ಅಂತ ರಾಜ್ಯ ರಾಜ್ಯಗಳು ಕಾನೂನು ಮಾಡಿದವು. ಬಿಳಿ ಮಾರ್ಗರಿನ್ ಜೊತೆ ಬಣ್ಣದ ಗುಳಿಗೆ ಕೊಡುತ್ತಿದ್ದರು, ಮನೆಯಲ್ಲಿ ಜನ ಕೈಯಾರೆ ನಾದಿಕೊಳ್ಳುತ್ತಿದ್ದರು. ಹೈನುಗಾರಿಕೆಗೆ ಹೆಸರಾದ ವಿಸ್ಕಾನ್ಸಿನ್ ರಾಜ್ಯ ಆ ನಿಷೇಧ ತೆಗೆದದ್ದು 1967ರಲ್ಲಿ.

ಎರಡನೇ ಮಹಾಯುದ್ಧದ ಕಾಲಕ್ಕೆ ಬ್ರಿಟನ್ನಿನಲ್ಲಿ ರೇಷನ್ ಬಂತು. ಒಬ್ಬರಿಗೆ ವಾರಕ್ಕೆ ಸುಮಾರು 57 ಗ್ರಾಂ ಬೆಣ್ಣೆ, ಅದರ ಎರಡರಷ್ಟು ಮಾರ್ಗರಿನ್. ರೇಷನ್ ಮುಗಿದದ್ದು 1954ರಲ್ಲಿ. ಬಾಯಿಗೆ ರೂಢಿಯಾದದ್ದು ರೇಷನ್ ಮುಗಿದ ಮಾತ್ರಕ್ಕೆ ಹೋಗುತ್ತದೆಯೇ? ಅದರ ಮೇಲೆ ಹೃದಯದ ಭಯ ಸೇರಿಕೊಂಡಿತು. 1960ರ ದಶಕದಿಂದ ವೈದ್ಯರು ಪ್ರಾಣಿಜನ್ಯ ಕೊಬ್ಬು ಕಡಿಮೆ ಮಾಡಿ ಅನ್ನತೊಡಗಿದರು. ಅಮೆರಿಕದಲ್ಲಿ 20ನೇ ಶತಮಾನದ ಆರಂಭಕ್ಕೆ ತಲಾ ವರ್ಷಕ್ಕೆ 8 ಕೆಜಿ ಮೇಲಿದ್ದ ಬೆಣ್ಣೆ 1990ರ ದಶಕಕ್ಕೆ 2 ಕೆಜಿ ಆಸುಪಾಸಿಗೆ ಇಳಿಯಿತು. ಮಾರ್ಗರಿನ್ 1970ರ ದಶಕದ ನಡುವೆ 5 ಕೆಜಿ ದಾಟಿತ್ತು. ಬ್ರಿಟನ್ನಿನಲ್ಲಿ 1980ರ ದಶಕದಲ್ಲಿ ಬೆಣ್ಣೆ ಇಳಿಯಿತು, ಕಡಿಮೆ ಕೊಬ್ಬಿನ ಸ್ಪ್ರೆಡ್ಡುಗಳು ಏರಿದವು.

ಆಮೇಲೆ ಗಾಳಿ ತಿರುಗಿತು. ಎಣ್ಣೆಯನ್ನು ಅರೆಬರೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಅಂತ 1990ರಲ್ಲಿ ನೆದರ್ಲೆಂಡ್ಸಿನ ಮೆನ್ಸಿಂಕ್ ಮತ್ತು ಕಟಾನ್ ತೋರಿಸಿದರು. ಹೃದಯಕ್ಕೆ ಒಳ್ಳೆಯದು ಅಂತ ಜನ ತಿಂದದ್ದೇ ಹೃದಯಕ್ಕೆ ಕೆಟ್ಟದ್ದಾಗಿತ್ತು. 2003ರಲ್ಲಿ ಡೆನ್ಮಾರ್ಕ್ ಮೊದಲು ಇದಕ್ಕೆ ಮಿತಿ ಹಾಕಿತು. 2005ರ ಹೊತ್ತಿಗೆ ಅಮೆರಿಕದಲ್ಲಿ ಬೆಣ್ಣೆ ಮತ್ತೆ ಮಾರ್ಗರಿನ್ ಅನ್ನು ಹಿಂದೆ ಹಾಕಿತು. ಈಗ ಅಲ್ಲಿ ತಲಾ 3 ಕೆಜಿ ಹತ್ತಿರ ಇದೆ.

ನಮ್ಮಲ್ಲಿ ಇದೇ ಕಥೆ ಬೇರೆ ಡಬ್ಬಿಯಲ್ಲಿ ನಡೆಯಿತು

ನಮ್ಮ ಕಡೆ ಬ್ರೆಡ್ಡಿಗೆ ಏನು ಹಚ್ಚಬೇಕು ಅನ್ನುವುದು ಒಂದು ಪ್ರಶ್ನೆಯೇ ಆಗಿರಲಿಲ್ಲ. ಬ್ರೆಡ್ಡು ಜ್ವರ ಬಂದಾಗ ತಿನ್ನುವ ವಸ್ತು. ರೊಟ್ಟಿಯ ಮೇಲೆ ಬೆಣ್ಣೆ, ಹುಗ್ಗಿಯ ಮೇಲೆ ತುಪ್ಪ. ಇವೆರಡೂ ಮನೆಯ ಎಮ್ಮೆಯವು. ಹಾಗಾಗಿ ಮಾರ್ಗರಿನ್ ನಮ್ಮ ಮನೆಗಳಿಗೆ ಬೆಣ್ಣೆಯ ವೇಷದಲ್ಲಿ ಬರಲಿಲ್ಲ, ತುಪ್ಪದ ವೇಷದಲ್ಲಿ ಬಂತು.

1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂತು. ಅದೇ ನಾರ್ಮನ್ ವಿಧಾನ, ಗಟ್ಟಿ ಮಾಡಿದ ಎಣ್ಣೆ. ಹಳದಿ ಡಬ್ಬಿ, ಅದರ ಮೇಲೆ ಹಸಿರು ತಾಳೆ ಮರ. ಮದುವೆ ಮನೆಯ ಅಡುಗೆ ಭಟ್ಟರು ಕೈ ಬಿಚ್ಚಿ ಬಳಸಿದರು. ನಮ್ಮ ಆಯಿಯ ಅಡುಗೆಮನೆಯಲ್ಲಿ ಡಾಲ್ಡಾ ಡಬ್ಬಿ ಇತ್ತು, ಡಾಲ್ಡಾ ಇರಲಿಲ್ಲ. ಒಂದರಲ್ಲಿ ಶೇಂಗಾ, ಒಂದರಲ್ಲಿ ಉಪ್ಪು, ತೂತು ಬಿದ್ದ ಮೂರನೆಯದರಲ್ಲಿ ತುಳಸಿ. "ಡಾಲ್ಡಾ ಪ್ಯಾಟಿ ಮಂದಿಗಿ" ಅನ್ನುತ್ತಿದ್ದಳು. ಆದರೆ ಮಗಳ ಮದುವೆಯಲ್ಲಿ ಬುಂದಿ ಕರಿದದ್ದು ಅದರಲ್ಲೇ ಅಂತ ನಮ್ಮ ಕಾಕಾ ಈಗಲೂ ಛೇಡಿಸುತ್ತಾರೆ.

ತುಪ್ಪಕ್ಕೆ ವನಸ್ಪತಿ ಬೆರೆಸುವ ಕಳ್ಳಾಟ ಆಗಲೇ ಶುರುವಾಗಿತ್ತು. ಅದಕ್ಕೆ ಸರ್ಕಾರ ಒಂದು ಜಾಣ ಉಪಾಯ ಮಾಡಿತು: ವನಸ್ಪತಿಯಲ್ಲಿ ಕಡ್ಡಾಯವಾಗಿ 5% ಎಳ್ಳೆಣ್ಣೆ ಇರಬೇಕು. ಎಳ್ಳೆಣ್ಣೆ ಇದ್ದರೆ ಬೌಡೂಯಿನ್ ಪರೀಕ್ಷೆಯಲ್ಲಿ ಕೆಂಪು ಬಣ್ಣ ಬರುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಈ ಪರೀಕ್ಷೆಗೆ ಗಟ್ಟಿ ಆಮ್ಲ ಬೇಕು, ಮನೆಯಲ್ಲಿ ಮಾಡಲು ಹೋಗಬೇಡಿ. ಇನ್ನೊಂದು ಮಾತು: ಇದು ಹಿಡಿಯುವುದು ಎಳ್ಳೆಣ್ಣೆಯನ್ನು. ಎಳ್ಳೆಣ್ಣೆ ಇಲ್ಲದ ಬರೀ ಪಾಮ್ ಎಣ್ಣೆ ಬೆರೆಸಿದರೆ ಇದಕ್ಕೆ ಸಿಗುವುದಿಲ್ಲ.

ಟ್ರಾನ್ಸ್ ಕೊಬ್ಬಿನ ವಿಷಯದಲ್ಲಿ ನಮ್ಮ ದೇಶ ತಡವಾಗಿ ಎದ್ದರೂ ಗಟ್ಟಿಯಾಗಿ ಎದ್ದಿತು. ಎಣ್ಣೆ ಮತ್ತು ಕೊಬ್ಬಿನಲ್ಲಿ 10% ಇದ್ದ ಮಿತಿ 5% ಆಗಿ, 2021ರಲ್ಲಿ 3% ಆಗಿ, 2022ರ ಜನವರಿಯಿಂದ 2% ಆಯಿತು. ಹಾಗಾಗಿ ಹಳೆಯ ಲೇಖನ ಓದಿ ಇವತ್ತಿನ ಎಲ್ಲ ಮಾರ್ಗರಿನ್ ವಿಷ ಅನ್ನುವುದು ಸರಿಯಲ್ಲ. ಈಗ ಗಟ್ಟಿತನಕ್ಕೆ ಹೆಚ್ಚಾಗಿ ಪಾಮ್ ಎಣ್ಣೆಯ ಗಟ್ಟಿ ಭಾಗ ಬಳಸುತ್ತಾರೆ. ಅದರದ್ದು ಬೇರೆ ತಕರಾರು. ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧ ಸ್ಯಾಚುರೇಟೆಡ್ ಕೊಬ್ಬೇ, ಅಂದರೆ ಕೆಟ್ಟ ಕೊಲೆಸ್ಟರಾಲ್ ಏರಿಸುವ ಜಾತಿಯದು.

ಈಗ ಆರಿಸೋಣ

ರೊಟ್ಟಿಗೆ. ಇಲ್ಲಿ ನನಗೆ ಅನುಮಾನವೇ ಇಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಪಕ್ಕದಲ್ಲಿ ಒಂದು ಮುದ್ದೆ ಬಿಳಿ ಬೆಣ್ಣೆ. ಹುಳಿ ಬಂದ ಮೊಸರು ಕಡೆದ ಬೆಣ್ಣೆಗೆ ಒಂದು ವಾಸನೆ ಇರುತ್ತದೆ, ಸಿಹಿ ಕೆನೆಯಿಂದ ತೆಗೆದ ಕಾರ್ಖಾನೆಯ ಬೆಣ್ಣೆಗೆ ಅದು ಬರುವುದಿಲ್ಲ. ಉಪ್ಪಿನ ಹಳದಿ ಬೆಣ್ಣೆ ಚಟ್ನಿಯ ಖಾರದ ಜೊತೆ ಜಗಳ ಮಾಡುತ್ತದೆ. ಸ್ಪ್ರೆಡ್ ಬಿಸಿ ರೊಟ್ಟಿ ಮುಟ್ಟಿದ ಕೂಡಲೇ ನೀರು ಬಿಟ್ಟು ರೊಟ್ಟಿಯನ್ನು ಮೆತ್ತಗೆ ಮಾಡುತ್ತದೆ. ಖಡಕ್ ರೊಟ್ಟಿಗಂತೂ ಹಚ್ಚಲೇಬೇಡಿ.

ಮನೆಯಲ್ಲಿ ತೆಗೆಯುವವರಿಗೆ ಒಂದು ಲೆಕ್ಕ. ಎಮ್ಮೆ ಹಾಲಿನಲ್ಲಿ 6% ಕೊಬ್ಬಿದೆ ಅಂದುಕೊಳ್ಳಿ. ಒಂದು ಲೀಟರಿನಲ್ಲಿ ಸುಮಾರು 60 ಗ್ರಾಂ ಕೊಬ್ಬು. ಒಂದು ಹನಿ ಬಿಡದೆ ತೆಗೆದರೂ ಬೆಣ್ಣೆ 75 ಗ್ರಾಂ ಆಸುಪಾಸು. ಮನೆಯಲ್ಲಿ ಅಷ್ಟು ಸಿಗುವುದಿಲ್ಲ, ಮಜ್ಜಿಗೆಯಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಪ್ಯಾಕೆಟ್ ಹಾಲಿನಲ್ಲಿ, ಅದೂ ಟೋನ್ಡ್ ಆದರೆ 3% ಕೊಬ್ಬು, ಅಂದರೆ ಅರ್ಧ. ಜೊತೆಗೆ ಆ ಹಾಲನ್ನು ಹೋಮೊಜಿನೈಸ್ ಮಾಡಿದ್ದರೆ, ಅಂದರೆ ಕೊಬ್ಬಿನ ಹನಿಗಳನ್ನು ಬಹಳ ಸಣ್ಣಗೆ ಒಡೆದಿದ್ದರೆ, ಕೆನೆ ಮೇಲೆ ಬಂದು ಕೂರುವುದೇ ಕಡಿಮೆ. "ಮೊದಲಿನಂಗ ಕೆನಿ ಬರೂದಿಲ್ಲ, ಹಾಲಿಗಿ ಏನೋ ಹಾಕ್ತಾರ" ಅನ್ನುವ ಅವ್ವನ ದೂರಿಗೆ ಅರ್ಧ ಉತ್ತರ ಇಲ್ಲಿದೆ.

ಸಂತೆಯ ಬೆಣ್ಣೆ. ನಮ್ಮ ಕಡೆ ಹಳ್ಳಿಯಿಂದ ಹೆಣ್ಣುಮಕ್ಕಳು ಬೆಣ್ಣೆ ತಂದು ಕೂರುವ ಸಂತೆಗಳು ಇನ್ನೂ ಇವೆ. ತಣ್ಣೀರಿನ ಪಾತ್ರೆಯಲ್ಲಿ ತೇಲುವ ಬಿಳಿ ಉಂಡೆಗಳು. ನನಗೆ ತಿಳಿದ ಮಟ್ಟಿಗೆ ಕೊಳ್ಳಲು ಅದೇ ಒಳ್ಳೆಯ ಜಾಗ, ಆದರೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಒಂದು ಸಲ ನಾನು ಅನುಮಾನದಿಂದ ನೋಡುತ್ತಾ ನಿಂತಾಗ ಆ ಅಜ್ಜಿಯೇ ಹೇಳಿಕೊಟ್ಟಳು. "ಎರಡು ಬೆಟ್ಟಿನ ನಡುವ ತಿಕ್ಕಿ ನೋಡಪಾ. ಮಜ್ಜಿಗಿ ಹನಿ ಬಂದ್ರ ಸರಿಯಾಗಿ ತೊಳದಿಲ್ಲ ಅಂತ ತಿಳಿ." ತಿಕ್ಕಿದೆ. ಒಳ್ಳೆಯ ಬೆಣ್ಣೆ ಬೆರಳ ಬಿಸಿಗೇ ಕರಗಿ ಜಿಡ್ಡಾಗುತ್ತದೆ, ಮೇಣದ ಹಾಗೆ ಅಂಟುವುದಿಲ್ಲ. ಮಜ್ಜಿಗೆ ಉಳಿದ ಬೆಣ್ಣೆ ತೂಕಕ್ಕೆ ಬರುತ್ತದೆ, ಬೇಗ ಕಮಟುತ್ತದೆ. ಬೇಯಿಸಿದ ಆಲೂಗಡ್ಡೆ ನಾದಿ ಬೆರೆಸುವವರೂ ಇದ್ದಾರೆ. ಅದಕ್ಕೆ ಮನೆಯಲ್ಲೇ ಪರೀಕ್ಷೆ ಇದೆ: ಸ್ವಲ್ಪ ಬೆಣ್ಣೆಗೆ ಎರಡು ಮೂರು ಹನಿ ಟಿಂಚರ್ ಅಯೋಡಿನ್ ಹಾಕಿ. ನೀಲಿ ಆದರೆ ಹಿಟ್ಟಿನ ಅಂಶ ಇದೆ. ಪರೀಕ್ಷಿಸಿದ ತುಣುಕು ಎಸೆಯಿರಿ.

ಸಂತೆ ದೂರ ಇದ್ದವರಿಗೆ ಹಾಲು ಒಕ್ಕೂಟದ ಉಪ್ಪಿಲ್ಲದ ಬೆಣ್ಣೆ ಸಾಕು. ಬೆಳಗಾವಿಗೆ ಒಂದು ಒಕ್ಕೂಟ, ವಿಜಯಪುರ ಮತ್ತು ಬಾಗಲಕೋಟೆ ಸೇರಿ ಒಂದು. ಎರಡೂ ಕಡೆ ನಂದಿನಿ ಹೆಸರಿನಲ್ಲೇ ಮಾಲು ಬರುತ್ತದೆ.

ಬ್ರೆಡ್ಡಿಗೆ, ಪಾವಿಗೆ. ಬೆಳಗಾವಿಯವರ ಬೆಳಗು ಪಾವಿನಿಂದ ಶುರುವಾಗುವುದು ಹೊಸದೇನಲ್ಲ. ನಮ್ಮಲ್ಲೂ ಈಗ ಶಾಲೆಯ ಡಬ್ಬಿಯಲ್ಲಿ ಬ್ರೆಡ್ಡು ಬಂದಿದೆ. ಸ್ಪ್ರೆಡ್‌ಗೆ ನಿಜವಾದ ಜಾಗ ಇದ್ದರೆ ಇಲ್ಲೇ. ಫ್ರಿಜ್ಜಿನಿಂದ ತೆಗೆದ ಕೂಡಲೇ ಹಚ್ಚಲು ಬರುತ್ತದೆ, ಬ್ರೆಡ್ಡು ಹರಿಯುವುದಿಲ್ಲ. ಕ್ಯಾಲೊರಿಯೂ ಅರ್ಧ: ಬೆಣ್ಣೆ 100 ಗ್ರಾಂಗೆ 720ರ ಹತ್ತಿರ, 40% ಸ್ಪ್ರೆಡ್ 360. ಆದರೆ ನಾವು ತಿನ್ನುವುದು 100 ಗ್ರಾಂ ಅಲ್ಲ, ಒಂದು ಚಹಾ ಚಮಚ. 5 ಗ್ರಾಂ ಬೆಣ್ಣೆಗೂ ಸ್ಪ್ರೆಡ್ಡಿಗೂ ಇರುವ ವ್ಯತ್ಯಾಸ 18 ಕ್ಯಾಲೊರಿ. ಒಂದು ಬ್ರೆಡ್ ಸ್ಲೈಸಿನ ಕಾಲು ಭಾಗ ಅಷ್ಟೇ. 'ಲೈಟ್' ಅಲ್ವಾ ಅಂತ ಎರಡು ಚಮಚ ಹಚ್ಚಿದರೆ ಅದೂ ಹೋಯಿತು. ನಮ್ಮ ಅಣ್ಣ ಹಾಗೇ ಮಾಡುತ್ತಾನೆ.

ಬೆಣ್ಣೆ ದೋಸೆ. ಇದನ್ನು ನೀವು ಆರಿಸುವುದಿಲ್ಲ, ಹೋಟೆಲಿನವರು ಆರಿಸಿರುತ್ತಾರೆ. ಬೆಳಗಾವಿ ಕಡೆ ಮರಾಠಿಯವರ ಬಾಯಲ್ಲಿ ಲೋಣಿ ದೋಸೆ. ಹಂಚಿನ ಪಕ್ಕದ ಡಬ್ಬಿ ನೋಡಿ. ನಾನು ಒಂದು ಕಡೆ ತಿಂದಾಗ ನಾಲಿಗೆಯ ಮೇಲೆ, ಅಂಗುಳಿಗೆ ಒಂದು ಪದರ ಅಂಟಿದ ಹಾಗಾಯಿತು. ಚಹಾ ಕುಡಿದರೂ ಹೋಗಲಿಲ್ಲ. ಬೆಣ್ಣೆ ಮೈಯ ಬಿಸಿಗಿಂತ ಸ್ವಲ್ಪ ಕೆಳಗೇ ಕರಗುತ್ತದೆ, ಬಾಯಲ್ಲಿ ನಿಲ್ಲುವುದಿಲ್ಲ. ಅಡುಗೆಗೆ ಮಾಡಿದ ಗಟ್ಟಿ ಕೊಬ್ಬುಗಳಲ್ಲಿ ಕೆಲವಕ್ಕೆ ಇನ್ನೂ ಜಾಸ್ತಿ ಬಿಸಿ ಬೇಕು. ಎದ್ದು ನೋಡಿದರೆ ಹಂಚಿನ ಪಕ್ಕ ಇದ್ದದ್ದು ಮಾರ್ಗರಿನ್ ಪೆಟ್ಟಿಗೆ. ಬೋರ್ಡಿನಲ್ಲಿ ಮಾತ್ರ ಬೆಣ್ಣೆ.

ಖಾರಿ, ಟೋಸ್ಟ್, ಬಿಸ್ಕೀಟು. ಇಲ್ಲಿ ಮಾರ್ಗರಿನ್ ಪರವಾಗಿ ಒಂದು ಮಾತು ಹೇಳಲೇಬೇಕು. ಖಾರಿಯ ಪದರ ಬರುವುದು ಹಿಟ್ಟಿನ ನಡುವೆ ಕೊಬ್ಬು ಬೇರೆ ಪದರವಾಗಿ ನಿಂತಾಗ. ಏಪ್ರಿಲ್ ತಿಂಗಳಲ್ಲಿ ಬೇಕರಿಯ ಒಳಗೆ ನಿಂತು ನೋಡಿ. ಹೊರಗೆ 40 ಡಿಗ್ರಿ, ಒಳಗೆ ಭಟ್ಟಿ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಗೆ. ಲಟ್ಟಿಸುವಾಗಲೇ ಅದು ಹಿಟ್ಟಿನೊಳಗೆ ಇಂಗಿಹೋಗುತ್ತದೆ, ಪದರ ಬರುವುದಿಲ್ಲ. ಅದಕ್ಕೇ ಅವರು ಜಾಸ್ತಿ ಬಿಸಿ ತಡೆಯುವ ಮಾರ್ಗರಿನ್ ಹಾಕುತ್ತಾರೆ. ಬೆಣ್ಣೆ ಖಾರಿ ಮಾಡುವುದಿಲ್ಲ ಅಂತ ಬೇಕರಿಯವರನ್ನು ಬೈದು ಉಪಯೋಗವಿಲ್ಲ. ವಾರಕ್ಕೆ ಎಷ್ಟು ಖಾರಿ ಚಹಾದಲ್ಲಿ ಅದ್ದುತ್ತೀರಿ ಅನ್ನುವುದನ್ನು ನೀವೇ ನೋಡಿಕೊಳ್ಳಬೇಕು. ನಮ್ಮಲ್ಲಿ ಮಾರ್ಗರಿನ್ ಹೊಟ್ಟೆಗೆ ಹೋಗುವುದು ಡಬ್ಬಿಯಿಂದಲ್ಲ, ಈ ದಾರಿಯಿಂದ. ಮನೆಯಲ್ಲಿ ಮಾರ್ಗರಿನ್ ಇಟ್ಟುಕೊಳ್ಳದವರೂ ಅದನ್ನು ತಿನ್ನುತ್ತಲೇ ಇರುತ್ತಾರೆ.

ಹೋಳಿಗೆ, ಹುಗ್ಗಿ, ಮಾದಲಿ, ಕರದಂಟು. ತುಪ್ಪವೇ. ಗೋಕಾಕದ್ದಿರಲಿ ಅಮೀನಗಡದ್ದಿರಲಿ, ಕರದಂಟಿನ ಪೆಟ್ಟಿಗೆ ಕೊಳ್ಳುವಾಗ ಪದಾರ್ಥಗಳ ಪಟ್ಟಿ ಓದಿ. ತುಪ್ಪ ಅಂತ ಇದೆಯೋ, ವನಸ್ಪತಿ ಅಂತ ಇದೆಯೋ. ಬೆಲೆಯ ವ್ಯತ್ಯಾಸ ಎಲ್ಲಿಂದ ಬಂತು ಅಂತ ಅಲ್ಲೇ ಗೊತ್ತಾಗುತ್ತದೆ.

ಹೃದಯದ ತೊಂದರೆ ಇರುವವರಿಗೆ. ಇದನ್ನು ನಿಮ್ಮ ಡಾಕ್ಟರ್ ಹೇಳಬೇಕು, ನಾನಲ್ಲ. ಲೇಬಲ್ ಓದುವ ದಾರಿ ಮಾತ್ರ ಹೇಳುತ್ತೇನೆ. ಬೆಣ್ಣೆ ಮತ್ತೆ ಗೆದ್ದಿತು ಅಂದ ಮಾತ್ರಕ್ಕೆ ಬೆಣ್ಣೆ ಔಷಧಿ ಆಗಲಿಲ್ಲ. ಅದರ 100 ಗ್ರಾಂನಲ್ಲಿ ಸುಮಾರು 50 ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ದಿನದ ಒಟ್ಟು ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬು 10% ದಾಟಬಾರದು, ಟ್ರಾನ್ಸ್ ಕೊಬ್ಬು 1% ಒಳಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ಪ್ರೆಡ್ ಆರಿಸುವುದಾದರೆ ಪದಾರ್ಥಗಳ ಪಟ್ಟಿಯ ಮೊದಲ ಎಣ್ಣೆ ಯಾವುದು ನೋಡಿ. ಸೂರ್ಯಕಾಂತಿ, ಸೋಯಾ ಮುಂದಿದ್ದರೆ ಒಂದು ಲೆಕ್ಕ, ಪಾಮ್ ಮುಂದಿದ್ದರೆ ಇನ್ನೊಂದು ಲೆಕ್ಕ. 'ಕೊಲೆಸ್ಟರಾಲ್ ಇಲ್ಲ' ಅನ್ನುವ ದೊಡ್ಡ ಅಕ್ಷರಕ್ಕೆ ಮರುಳಾಗಬೇಡಿ. ಗಿಡದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ನಮ್ಮ ಗಾಣದ ಕುಸುಬಿ ಎಣ್ಣೆಯಲ್ಲೂ ಇಲ್ಲ. ಬಿಪಿ ಇರುವವರು ಉಪ್ಪಿನ ಅಂಶ ನೋಡಬೇಕು. ಟೇಬಲ್ ಬಟರ್ ಬದಲು ಉಪ್ಪಿಲ್ಲದ್ದು ಕೊಳ್ಳುವುದು ಸುಲಭದ ದಾರಿ.

ಬೆಲೆಯ ಲೆಕ್ಕ

ನಾನು ಮೋಸ ಹೋದದ್ದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಡಬ್ಬಿಯ ಬೆಲೆ ಹೋಲಿಸಬೇಡಿ, ಕೊಬ್ಬಿನ ಬೆಲೆ ಹೋಲಿಸಿ. ಉದಾಹರಣೆಗೆ ಅರ್ಧ ಕೆಜಿ ಬೆಣ್ಣೆ 300 ರೂಪಾಯಿ, ಅರ್ಧ ಕೆಜಿ ಸ್ಪ್ರೆಡ್ 180 ರೂಪಾಯಿ ಅಂದುಕೊಳ್ಳಿ. ಬೆಣ್ಣೆಯಲ್ಲಿ 80% ಅಂದರೆ 400 ಗ್ರಾಂ ಕೊಬ್ಬು. 100 ಗ್ರಾಂ ಕೊಬ್ಬಿಗೆ 75 ರೂಪಾಯಿ ಬಿತ್ತು. ಸ್ಪ್ರೆಡ್ಡಿನಲ್ಲಿ 40% ಅಂದರೆ 200 ಗ್ರಾಂ. 100 ಗ್ರಾಂ ಕೊಬ್ಬಿಗೆ 90 ರೂಪಾಯಿ. ಅಗ್ಗ ಅಂತ ತಂದದ್ದು ತುಟ್ಟಿ ಆಯಿತು, ಅದೂ ಹಾಲಿನ ಕೊಬ್ಬಲ್ಲ. ನಿಮ್ಮ ಅಂಗಡಿಯ ಬೆಲೆ ಹಾಕಿ ನೀವೇ ಮಾಡಿ ನೋಡಿ, ಮೊಬೈಲಿನಲ್ಲಿ ಅರ್ಧ ನಿಮಿಷದ ಕೆಲಸ. ಬ್ರೆಡ್ಡಿಗೆ ಹಚ್ಚಲು ತಂದರೆ ಈ ಲೆಕ್ಕ ಬೇಕಿಲ್ಲ, ಅಲ್ಲಿ ನಿಮಗೆ ಬೇಕಾದ್ದೇ ಕಡಿಮೆ ಕೊಬ್ಬು. ಕಾಯಿಸಲು, ಕರಿಯಲು, ಹಿಟ್ಟಿಗೆ ಕಲಸಲು ತಂದರೆ ಬೇಕೇ ಬೇಕು.

ಇಡುವುದು ಹೇಗೆ

ಸ್ಪ್ರೆಡ್ಡಿನಲ್ಲಿ ನೀರು ಜಾಸ್ತಿ. ನೀರಿದ್ದಲ್ಲಿ ಬೂಷ್ಟು ಬರುತ್ತದೆ. ಅದಕ್ಕೇ ಪೊಟ್ಯಾಸಿಯಂ ಸಾರ್ಬೇಟ್ ಹಾಕಿರುತ್ತಾರೆ, ಲೇಬಲ್ಲಿನಲ್ಲಿ 202. ಆದರೂ ತೆರೆದ ಮೇಲೆ ಫ್ರಿಜ್ಜಿನಲ್ಲೇ ಇಡಬೇಕು, ಒದ್ದೆ ಚಮಚ ಹಾಕಬಾರದು. ಉಪ್ಪಿನ ಬೆಣ್ಣೆ ಸ್ವಲ್ಪ ತಾಳುತ್ತದೆ. ಉಪ್ಪಿಲ್ಲದ್ದನ್ನು ಒಂದು ವಾರದೊಳಗೆ ಮುಗಿಸಿ, ಇಲ್ಲವೇ ಫ್ರೀಜರಿಗೆ ಹಾಕಿ. ವಾಸನೆ ಬೇಗ ಹಿಡಿಯುವ ವಸ್ತು ಅದು, ಉಳ್ಳಾಗಡ್ಡಿ ಹತ್ತಿರ ಇಡಬೇಡಿ.

ನಮ್ಮ ವಿಜಯಪುರದ ಮೇ ತಿಂಗಳಲ್ಲಿ ಕರೆಂಟ್ ಹೋದರೆ ಫ್ರಿಜ್ಜೂ ಕೈ ಕೊಡುತ್ತದೆ. ಅಂಥ ದಿನ ವೈನಿ ಆಯಿಯ ಪದ್ಧತಿಗೆ ಹೋಗುತ್ತಾರೆ. ಸಣ್ಣ ಮಣ್ಣಿನ ಗಡಿಗೆ, ಅದರಲ್ಲಿ ತಣ್ಣೀರು, ನೀರಿನಲ್ಲಿ ಮುಳುಗಿದ ಬೆಣ್ಣೆಯ ಉಂಡೆ, ಮೇಲೆ ಒದ್ದೆ ಅರಿವೆ. ಗಡಿಗೆಯ ಮೈಯಿಂದ ನೀರು ಆರುವಾಗ ಒಳಗೆ ತಂಪಾಗುತ್ತದೆ, ನೀರಿನೊಳಗಿನ ಬೆಣ್ಣೆಗೆ ಗಾಳಿ ತಾಗುವುದಿಲ್ಲ. ಬೆಳಗು ಸಂಜೆ ನೀರು ಬದಲಿಸಿದರೆ ಎರಡು ದಿನ ಕಮಟುವುದಿಲ್ಲ. ಮೂರನೇ ದಿನವೂ ಉಳಿದಿದ್ದರೆ ವೈನಿ ಪಾತೇಲಿಗೆ ಹಾಕಿ ಕಾಯಿಸಿಬಿಡುತ್ತಾರೆ. ಇಳಿಸುವಾಗ ಎರಡು ವೀಳ್ಯದೆಲೆ. ನನ್ನ ಆಫರಿನ ಡಬ್ಬಿ ಈಗ ಖಾಲಿ, ಅದರಲ್ಲಿ ಶೇಂಗಾ ಚಟ್ನಿ ಇದೆ.